ಸೀನಿಯರ್ ಪ್ರೊಫೆಸರ್‌ಗಳು ಟೆಕ್ನಾಲಜಿ ಬಳಸಲು ಯಾಕೆ ಹಿಂಜರಿಯುತ್ತಾರೆ?

ಹೊಸ_ಲೆಕ್ಚರರ್:
ಎಲ್ಲರಿಗೂ ನಮಸ್ಕಾರ. ಯೂನಿವರ್ಸಿಟಿಯಲ್ಲಿ ಪಾಠ ಮಾಡಲು ಶುರು ಮಾಡಿ ಎರಡು ವರ್ಷ ಆಯಿತು. ನಮ್ಮ ವಿಭಾಗಕ್ಕೆ ಮೂಡಲ್ (ಆನ್‌ಲೈನ್‌ನಲ್ಲಿ ಕೋರ್ಸ್ ನಡೆಸುವ ಸಾಫ್ಟ್‌ವೇರ್) ಇದೆ. ಆದರೆ ಹೆಚ್ಚಿನವರು ಅದರಲ್ಲಿ ನೋಟ್ಸ್ ಪಿಡಿಎಫ್ ಹಾಕಿ ಸುಮ್ಮನಾಗುತ್ತಾರೆ. ಕ್ವಿಜ್, ಚರ್ಚೆ, ಯಾವುದನ್ನೂ ಮುಟ್ಟುವುದಿಲ್ಲ. ಇದೇ ಜನ 2020ರ ಲಾಕ್‌ಡೌನ್‌ನಲ್ಲಿ ಕೆಲವೇ ದಿನಗಳಲ್ಲಿ ಜೂಮ್ ಕಲಿತು ನಮಗೆ ಪಾಠ ಮಾಡಿದ್ದರು, ಆಗ ನಾನು ಇಲ್ಲೇ ವಿದ್ಯಾರ್ಥಿ, ಕಣ್ಣಾರೆ ನೋಡಿದ್ದೇನೆ. ಹಾಗಾದರೆ ಕಲಿಯಲು ಆಗುವುದಿಲ್ಲ ಅಂತಲ್ಲ. ಮತ್ತೇನು? ಈಗ ಅವರಿಗೆಲ್ಲ ಟ್ರೈನಿಂಗ್ ಕೊಡುವ ಕೆಲಸ ನನ್ನ ಮೇಲೆ ಬಿದ್ದಿದೆ. ಎಲ್ಲಿಂದ ಶುರು ಮಾಡಲಿ?

ಚಾಕ್‌ಪೀಸ್:
ನಾನು ನೀವು ಹೇಳುವ ಸೀನಿಯರ್‌ಗಳಲ್ಲಿ ಒಬ್ಬಳು, 26 ವರ್ಷದ ಸರ್ವಿಸ್. ಒಂದು ದಿನದ ಕಥೆ ಹೇಳುತ್ತೇನೆ. ರಾತ್ರಿ ಕೂತು ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ಕೇಬಲ್ ಹಾಕಿದೆ, ಪ್ರೊಜೆಕ್ಟರ್‌ನಲ್ಲಿ ನೀಲಿ ಪರದೆ ಬಿಟ್ಟು ಬೇರೇನೂ ಬರಲಿಲ್ಲ. ತೆಗೆದು ಹಾಕಿದೆ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿದೆ, ಮುಂದಿನ ಬೆಂಚಿನ ಹುಡುಗ ಎದ್ದು ಬಂದು ಅವನೂ ನೋಡಿದ. 50 ನಿಮಿಷದ ಕ್ಲಾಸಿನಲ್ಲಿ 12 ನಿಮಿಷ ಹೋಯಿತು. ಎಂಬತ್ತು ಜನ ನನ್ನನ್ನೇ ನೋಡುತ್ತಿದ್ದರು. ಕೊನೆಗೆ ಬೋರ್ಡಿನ ಮೇಲೆ ಬರೆದೇ ಪಾಠ ಮಾಡಿದೆ. ಚಾಕ್‌ಪೀಸ್ ನನಗೆ ಯಾವತ್ತೂ ಹೀಗೆ ಕೈಕೊಟ್ಟಿಲ್ಲ ಸರ್.

ಇನ್ನೊಂದು ವಿಷಯ. ಒಳ್ಳೆಯ ಕ್ವಿಜ್ ಮಾಡಲು ಎಷ್ಟು ಹೊತ್ತು ಬೇಕು ಗೊತ್ತಾ? ವಿದ್ಯಾರ್ಥಿ ನಿಜವಾಗಿ ಎಡವುವಂಥ ತಪ್ಪು ಆಯ್ಕೆಗಳನ್ನು ಹುಡುಕಬೇಕು. ಹತ್ತು ಪ್ರಶ್ನೆಗೆ ನನಗೆ ಎರಡು ಸಂಜೆ ಬೇಕು. ನಮ್ಮಲ್ಲಿ ಬಡ್ತಿಗೆ ರಿಸರ್ಚ್ ಪೇಪರ್ ಲೆಕ್ಕ ಹಾಕುತ್ತಾರೆ, ಆ ಎರಡು ಸಂಜೆಯನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಎಜುಕೇಶನ್_ರಿಸರ್ಚ್:
ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ಶಿಕ್ಷಣ ಸಂಶೋಧಕಿ ಪೆಗ್ಗಿ ಎರ್ಟ್ಮರ್ 1999ರಲ್ಲೇ ಇದನ್ನು ಎರಡು ಥರದ ಅಡ್ಡಿ ಅಂತ ಬಿಡಿಸಿ ಹೇಳಿದ್ದರು. ಸಲಕರಣೆ, ಸಮಯ, ತರಬೇತಿ, ಸಹಾಯ ಇಲ್ಲದಿರುವುದು ಹೊರಗಿನ ಅಡ್ಡಿ. ಪಾಠ ಅಂದರೆ ಹೇಗಿರಬೇಕು ಅಂತ ಮೇಷ್ಟ್ರ ಮನಸ್ಸಿನಲ್ಲಿ ಕೂತಿರುವ ನಂಬಿಕೆ ಒಳಗಿನದು. ಹೊರಗಿನದನ್ನು ಹಾಗೇ ಬಿಟ್ಟು ‘ಇವರ ಮನೋಭಾವವೇ ಸರಿಯಿಲ್ಲ’ ಅಂದರೆ ಅದು ಅನ್ಯಾಯ ಅಲ್ವಾ?

ಫ್ರೆಡ್ ಡೇವಿಸ್ ಅವರ 1989ರ ಅಧ್ಯಯನವನ್ನೂ ನೋಡಿ. ಅದು ಶಿಕ್ಷಕರ ಬಗ್ಗೆ ಅಲ್ಲ, ಜನ ಕಂಪ್ಯೂಟರ್ ಸಾಫ್ಟ್‌ವೇರ್ ಯಾಕೆ ಬಳಸುತ್ತಾರೆ ಅನ್ನುವುದರ ಬಗ್ಗೆ, ಆದರೂ ಇಲ್ಲಿಗೆ ಹೊಂದುತ್ತದೆ. ಬಳಸಲು ಸುಲಭ ಅನ್ನಿಸುವುದಕ್ಕಿಂತ ‘ಇದರಿಂದ ನನ್ನ ಕೆಲಸಕ್ಕೆ ಉಪಯೋಗ ಇದೆ’ ಅನ್ನಿಸುವುದೇ ಬಳಕೆಗೆ ಜಾಸ್ತಿ ಹತ್ತಿರದ ಕಾರಣ ಅಂತ ಅದರಲ್ಲಿ ಕಂಡುಬಂತು. ಆದರೆ ನಮ್ಮ ಟ್ರೈನಿಂಗ್‌ಗಳಲ್ಲಿ ಬರೀ ‘ಈ ಬಟನ್ ಒತ್ತಿ, ಆ ಬಟನ್ ಒತ್ತಿ’ ಅಂತ ಹೇಳಿ ಕಳಿಸುತ್ತೇವೆ.

ಫಿಸಿಕ್ಸ್_ಕ್ಲಾಸ್:
ನನ್ನ ಮನಸ್ಸು ಬದಲಾಗಿದ್ದು ಒಂದೇ ಒಂದು ಪ್ರಶ್ನೆಯಿಂದ. ಮೇಲಕ್ಕೆ ಎಸೆದ ಚೆಂಡು ತುತ್ತತುದಿಯಲ್ಲಿ ಕ್ಷಣಕಾಲ ನಿಂತಾಗ ಅದರ ವೇಗೋತ್ಕರ್ಷ ಎಷ್ಟು? ಫೋನಿನಲ್ಲಿ ಪೋಲ್ ಹಾಕಿದೆ. ಅರ್ಧಕ್ಕಿಂತ ಜಾಸ್ತಿ ಜನ ‘ಸೊನ್ನೆ’ ಒತ್ತಿದರು. ಅಲ್ಲಿ ಸೊನ್ನೆ ಆಗುವುದು ವೇಗ ಮಾತ್ರ, ಗುರುತ್ವದ ವೇಗೋತ್ಕರ್ಷ ಹಾಗೇ ಇರುತ್ತದೆ. ಹಿಂದಿನ ವಾರ ಇವರೇ ಆ ಸೂತ್ರ ಹಾಕಿ ಲೆಕ್ಕ ಬಿಡಿಸಿದ್ದರು! ಬೋರ್ಡಿನ ಮುಂದೆ ನಿಂತು ‘ಅರ್ಥ ಆಯ್ತಾ’ ಅಂತ ಕೇಳಿ, ತಲೆ ಆಡಿಸಿದ್ದನ್ನು ನಂಬಿಕೊಂಡು ವರ್ಷಗಟ್ಟಲೆ ಮುಂದಕ್ಕೆ ಹೋಗಿದ್ದೆನಲ್ಲ ಅಂತ ಆ ದಿನ ತುಂಬಾ ಬೇಜಾರಾಯಿತು. ಪಕ್ಕದವರ ಜೊತೆ ಚರ್ಚೆ ಮಾಡಲು ಬಿಟ್ಟು ಮತ್ತೆ ಪೋಲ್ ಹಾಕಿದಾಗ ಬಹಳಷ್ಟು ಜನ ಸರಿ ಉತ್ತರಕ್ಕೆ ಬಂದರು.

ಹಾರ್ವರ್ಡ್‌ನ ಫಿಸಿಕ್ಸ್ ಪ್ರೊಫೆಸರ್ ಎರಿಕ್ ಮಜೂರ್ 1991ರಿಂದ ಮಾಡಿಕೊಂಡು ಬಂದದ್ದು ಇದನ್ನೇ. ಇದಕ್ಕೆ ಫೋನೇ ಬೇಕು ಅಂತಿಲ್ಲ, ಬಣ್ಣದ ಕಾರ್ಡ್ ಎತ್ತಿ ತೋರಿಸಿದರೂ ಆಗುತ್ತದೆ. ಫೋನ್ ಇದ್ದರೆ ಎಣಿಸುವುದು ಬೇಗ, ಜೊತೆಗೆ ನಾಚಿಕೆಯ ಹುಡುಗರೂ ಉತ್ತರ ಕೊಡುತ್ತಾರೆ.

ಮೌಲ್ಯಮಾಪನ_ಕೊಠಡಿ:
ಎಐ ವಿಷಯ ಯಾರೂ ಎತ್ತಲಿಲ್ಲ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ನಮ್ಮಲ್ಲಿ ಟೆಕ್ನಾಲಜಿ ಇಷ್ಟಪಡುತ್ತಿದ್ದವರೂ ಹಿಂದೆ ಸರಿದಿದ್ದಾರೆ. ಪ್ರತಿ ಅಸೈನ್‌ಮೆಂಟನ್ನೂ ಅನುಮಾನದಿಂದ ಓದುವುದು ಎಷ್ಟು ಸುಸ್ತು ಅಂತ ಅನುಭವಿಸಿದವರಿಗೇ ಗೊತ್ತು. ಎಐ ಬರೆದದ್ದನ್ನು ಪತ್ತೆ ಮಾಡುವ ಸಾಫ್ಟ್‌ವೇರ್ ನಂಬಿ ಯಾರನ್ನೂ ಫೇಲ್ ಮಾಡಬೇಡಿ, ದಯವಿಟ್ಟು. ಓಪನ್‌ಎಐ ತನ್ನದೇ ಪತ್ತೆ ಸಾಧನವನ್ನು ನಿಖರತೆ ಕಡಿಮೆ ಅಂತ 2023ರ ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು. ನಾನು ಈಗ ವಿದ್ಯಾರ್ಥಿಯನ್ನು ಎದುರು ಕೂರಿಸಿಕೊಂಡು ಅವರು ಬರೆದದ್ದರ ಬಗ್ಗೆ ಐದು ನಿಮಿಷ ಮಾತಾಡಿಸುತ್ತೇನೆ. ಸಮಯ ಜಾಸ್ತಿ ಹಿಡಿಯುತ್ತದೆ, ಆದರೆ ಓದಿದವರು ಯಾರು ಅಂತ ಗೊತ್ತಾಗುತ್ತದೆ.

ಹೊಸ_ಲೆಕ್ಚರರ್:
ತುಂಬಾ ಥ್ಯಾಂಕ್ಸ್. ಬಟನ್ ತೋರಿಸುವ ಸ್ಲೈಡ್‌ಗಳನ್ನೇ 40 ಮಾಡಿಟ್ಟಿದ್ದೆ, ಪಕ್ಕಕ್ಕೆ ಇಡುತ್ತೇನೆ. ಮೊದಲು ಒಬ್ಬೊಬ್ಬರ ಹತ್ತಿರ ಹೋಗಿ, ಯಾವ ಪಾಠದಲ್ಲಿ ಹುಡುಗರು ಪ್ರತಿ ವರ್ಷ ಎಡವುತ್ತಾರೆ ಅಂತ ಕೇಳಿಕೊಂಡು ಬರುತ್ತೇನೆ. ಚಾಕ್‌ಪೀಸ್ ಮೇಡಂ, ನೀವು ನಮ್ಮ ವಿಭಾಗದಲ್ಲಿ ಇದ್ದಿದ್ದರೆ ನಿಮಗೆ ಮೊದಲು ಏನು ಬೇಕಿತ್ತು?

ಚಾಕ್‌ಪೀಸ್:
ಮೊದಲ ನಾಲ್ಕು ಕ್ಲಾಸಿಗೆ ಹತ್ತು ನಿಮಿಷ ಮುಂಚೆ ಬಂದು ಕೇಬಲ್ ಹಾಕಿ, ಪರದೆ ಬರುತ್ತಿದೆಯಾ ಅಂತ ನನ್ನ ಜೊತೆ ನೋಡಿ ಸಾಕು. ಐದನೆಯದಕ್ಕೆ ನಾನೇ ಮಾಡಿಕೊಳ್ಳುತ್ತೇನೆ.