ಉತ್ತರದ ಓಣಿಯಲ್ಲಿ ಹೂವೂ ಬರಲಿಲ್ಲ, ಈಗ ಎಲೆಯೂ ಕೆಡ್ತಿದೆ. ಎಲ್ಲಿ ತಪ್ಪಿದ್ದೀನಿ?

ಹಿತ್ತಲಬಾಗಿಲು:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಹೊಸ ಮನೆ, ಬಂದು ಎರಡು ವರ್ಷ ಆಗ್ತಾ ಬಂತು. ಮನೆಗೂ ಉತ್ತರದ ಕಾಂಪೌಂಡಿಗೂ ನಡುವೆ 5 ಅಡಿ ಅಗಲ, 22 ಅಡಿ ಉದ್ದದ ಮಣ್ಣಿನ ಜಾಗ ಇದೆ. ಅಡುಗೆಮನೆ ಕಿಟಕಿಯಿಂದ ಕಾಣೋದು ಅದೊಂದೇ.

ಮೊದಲ ವರ್ಷ ದಾಸವಾಳ, ಗುಲಾಬಿ, ಸೇವಂತಿಗೆ ಹಾಕಿದೆ. ಸೇವಂತಿಗೆ ಕೊಳೆತುಹೋಯ್ತು. ದಾಸವಾಳ ಸಣಕಲಾಗಿ ಮೇಲಕ್ಕೆ ಹೋಯಿತೇ ಹೊರತು ಒಂದು ಮೊಗ್ಗೂ ಬಿಡಲಿಲ್ಲ. ಹಾಗಾಗಿ ಹೂವಿನ ಆಸೆ ಬಿಟ್ಟು, ಬರೀ ಎಲೆಗಿಡಗಳ ತೋಟ ಮಾಡೋಣ ಅಂದುಕೊಂಡೆ. ಕ್ಯಾಲಥಿಯಾ, ಸ್ಪೈಡರ್ ಪ್ಲಾಂಟ್, ಕ್ರೋಟನ್, ಜರಿಗಿಡ, ಸಿಂಗೋನಿಯಂ, ಮಾನ್‌ಸ್ಟೆರಾ, ಅಮ್ಮ ಪುತ್ತೂರಿನಿಂದ ತಂದ ಕೇಪಳ, ಹೀಗೆ ಹದಿನಾಲ್ಕು ಜಾತಿಯ ಗಿಡ ನೆಲದಲ್ಲೇ ಇಟ್ಟೆ.

ಈಗ ನೋಡಿದರೆ ಕ್ಯಾಲಥಿಯಾ ಎಲೆಯ ಅಂಚೆಲ್ಲ ಕಂದು. ಕೇಪಳದ ಚಿಗುರು ಹಳದಿ. ಕ್ರೋಟನ್ ಬಣ್ಣ ಕಳೆದುಕೊಂಡು ಹಸಿರಾಗಿದೆ. ಎಲ್ಲಾ ಸೇರಿ ನೋಡೋಕೆ ತೋಟದ ಥರ ಇಲ್ಲ, ನರ್ಸರಿಯಲ್ಲಿ ಮಾರೋಕೆ ಇಟ್ಟ ಹಾಗಿದೆ. ಎರೆಗೊಬ್ಬರ ತಿಂಗಳಿಗೊಮ್ಮೆ ಹಾಕ್ತೀನಿ, ನೀರು ದಿನಾ. ನೆರಳಲ್ಲಿ ಎಲೆಗಿಡ ಸುಲಭ ಅಂತಾರಲ್ಲ, ನನಗೆ ಮಾತ್ರ ಯಾಕೆ ಆಗ್ತಿಲ್ಲ?

ಮಣ್ಣುಕೈ:
ಮೇಡಂ, ಗೊಬ್ಬರ ಹಾಕೋದು ಸದ್ಯಕ್ಕೆ ನಿಲ್ಲಿಸಿ. ಕಾರಣ ಗೊತ್ತಾಗದೆ ಏನು ಹಾಕಿದರೂ ಗೊಂದಲ ಹೆಚ್ಚುತ್ತೆ. ನನಗೆ ನಾಲ್ಕು ವಿಷಯ ಬೇಕು. ಕಂದು ಆಗಿರೋದು ಅಂಚಿನಲ್ಲಿ ಮಾತ್ರವೋ, ಎಲೆಯ ನಡುವೆಯೂ ಇದೆಯೋ? ನಡುವೆ ಇದ್ದರೆ ಯಾವ ತಿಂಗಳಲ್ಲಿ ಶುರುವಾಯ್ತು? ಕೇಪಳದ ಎಳೆ ಎಲೆಯ ನರ ಹಸಿರಾಗೇ ಉಳಿದು ನಡುವಿನ ಭಾಗ ಮಾತ್ರ ಹಳದಿಯೋ? ಗಿಡಕ್ಕೆ ಹಾಕೋ ನೀರು ಯಾವುದು, ಬೋರ್‌ವೆಲ್, ಕಾವೇರಿ, ಅಥವಾ ಬೇರೇನಾದರೂ?

ಜೊತೆಗೆ ಒಂದು ಕೆಲಸ ಮಾಡಿ. ಗೋಡೆ ಪಕ್ಕ ಅರ್ಧ ಅಡಿ ಅಗೆದು ಒಂದು ಹಿಡಿ ಒಣಮಣ್ಣು ತೆಗೆದು, ಮೇಲೆ ಎರಡು ಚಮಚ ವಿನೆಗರ್ ಸುರಿದು ನೋಡಿ.

ಹಿತ್ತಲಬಾಗಿಲು:
ನೋಡಿದೆ ಸರ್. ಅಂಚು ಕಂದಾಗೋದು ವರ್ಷವಿಡೀ ಇದೆ. ಅದಲ್ಲದೆ ಮೇ ತಿಂಗಳಲ್ಲಿ ಎಲೆಯ ನಡುವೆ ಬಿಳಚಿಕೊಂಡು ಕಾಗದದ ಥರ ಒಣಗಿದ ಕಲೆ ಬಂದಿತ್ತು. ಆಮೇಲೆ ಬಂದ ಎಲೆಯಲ್ಲಿ ಅದಿಲ್ಲ. ಕೇಪಳ ನೀವು ಹೇಳಿದ ಹಾಗೇ ಇದೆ, ನರ ಹಸಿರು, ಉಳಿದಿದ್ದು ಹಳದಿ. ನೀರು ಬೋರ್‌ವೆಲ್ಲಿಂದು, ಆದರೆ ಮನೆಗೆ ಸಾಫ್ಟ್‌ನರ್ ಹಾಕಿಸಿದ್ದೀವಿ. ಹಿಂದಿನ ನಲ್ಲಿಗೂ ಅದೇ ನೀರು ಬರುತ್ತೆ. ವಿನೆಗರ್ ಹಾಕಿದ ತಕ್ಷಣ ಬುಸುಬುಸು ನೊರೆ ಬಂತು. ಅಗೆದಾಗ ಇಟ್ಟಿಗೆ ಚೂರು, ಗಾರೆ ಹೆಂಟೆ ಸಿಕ್ಕಿತು.

ಮಣ್ಣುಕೈ:
ಹಾಗಾದರೆ ನಿಮ್ಮದು ಒಂದು ರೋಗ ಅಲ್ಲ, ಮೂರು ಬೇರೆ ಬೇರೆ ತೊಂದರೆ. ಮೂರಕ್ಕೂ ಪರಿಹಾರ ಇದೆ.

ಮೊದಲು ನೀರು, ಹೆಚ್ಚು ಹಾನಿ ಮಾಡ್ತಿರೋದು ಅದೇ. ಸಾಫ್ಟ್‌ನರ್ ಗಡಸು ನೀರಿನಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಆ ಜಾಗಕ್ಕೆ ಸೋಡಿಯಂ ಬಿಡುತ್ತೆ. ನೀವು ಅದಕ್ಕೆ ಮೂಟೆಗಟ್ಟಲೆ ಉಪ್ಪು ಹಾಕೋದು ಇದೇ ಕಾರಣಕ್ಕೆ. ಬಟ್ಟೆಗೆ, ಗೀಸರಿಗೆ ಆ ನೀರು ಒಳ್ಳೆಯದು, ಗಿಡಕ್ಕೆ ಅಲ್ಲ. ಬೇರು ಹೀರಿದ ಉಪ್ಪು ಎಲೆಯ ತುದಿ, ಅಂಚಿಗೆ ಬಂದು ಕೂರುತ್ತೆ, ಅಲ್ಲಿಂದ ಒಣಗೋಕೆ ಶುರು. ಕ್ಯಾಲಥಿಯಾ, ಸ್ಪೈಡರ್ ಪ್ಲಾಂಟ್ ಎರಡೂ ಉಪ್ಪಿಗೆ ಬೇಗ ಸೋಲುವ ಗಿಡಗಳು. ಪ್ಲಂಬರ್ ಕರೆಸಿ ಸಾಫ್ಟ್‌ನರಿಗೆ ಮುಂಚೆಯೇ ಪೈಪಿಗೆ ಒಂದು ಟೀ (ಕವಲು ಜೋಡಣೆ) ಹಾಕಿಸಿ, ಹಿಂದಿನ ನಲ್ಲಿಗೆ ನೇರ ಬೋರ್‌ವೆಲ್ ನೀರು ಕೊಡಿ. ಕೆಸು, ಮಾನ್‌ಸ್ಟೆರಾ, ಸಿಂಗೋನಿಯಂ ಗಡಸು ನೀರಿಗೆ ಹೊಂದಿಕೊಳ್ತವೆ. ಕ್ಯಾಲಥಿಯಾಕ್ಕೆ ಮಾತ್ರ ಮಳೆನೀರು ಹಿಡಿದಿಡಿ. ಆರ್‌ಒ ಯಂತ್ರದಿಂದ ಹೊರಗೆ ಹೋಗೋ ನೀರನ್ನು ಉಳಿತಾಯ ಅಂತ ಇಲ್ಲಿಗೆ ಸುರೀಬೇಡಿ, ಅದರಲ್ಲಿ ಉಪ್ಪಿನಂಶ ಇನ್ನೂ ಗಟ್ಟಿ.

ಎರಡನೆಯದು ಮಣ್ಣು. ನೊರೆ ಬಂದಿದ್ದು ಸುಣ್ಣದಂಶದಿಂದ. ಮನೆ ಕಟ್ಟುವಾಗ ಉಳಿದ ಸಿಮೆಂಟು, ಪ್ಲಾಸ್ಟರ್ ಎಲ್ಲಾ ಕಾಂಪೌಂಡ್ ಪಕ್ಕ ತಳ್ಳಿ ಮೇಲೆ ಎರಡಿಂಚು ಕೆಮ್ಮಣ್ಣು ಹರಡಿರ್ತಾರೆ. ಸುಣ್ಣದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕೋದಿಲ್ಲ, ಅದಕ್ಕೇ ಕೇಪಳದ ಚಿಗುರು ಹಳದಿ. ಸಿಮೆಂಟ್ ಗೋಡೆ ಪಕ್ಕದ ಕೇಪಳದಲ್ಲಿ ಇದು ತುಂಬಾ ಸಾಮಾನ್ಯ. ಒಂದಡಿ ಆಳ ಮಣ್ಣು ಹೊರಗೆ ಹಾಕಿ, ತಳಪಾಯದ ಹತ್ತಿರ ಮಾತ್ರ ಆಳಕ್ಕೆ ಹೋಗಬೇಡಿ. ಕೆಮ್ಮಣ್ಣು, ಎಲೆಗೊಬ್ಬರ, ಸ್ವಲ್ಪ ಕೋಕೋಪೀಟ್ ಸೇರಿಸಿ ತುಂಬಿ. ಗೋಡೆಯಿಂದ ಒಂದಡಿ ಬಿಟ್ಟು ಪಾತಿ ಮಾಡಿದರೆ ಗೋಡೆಗೂ ತೇವ ಹಿಡಿಯೋಲ್ಲ. ತಕ್ಷಣಕ್ಕೆ ಕೇಪಳಕ್ಕೆ ಕಬ್ಬಿಣ ಕೊಡೋದಾದರೆ ಅಂಗಡಿಯಲ್ಲಿ ಇಡಿಡಿಎಚ್‌ಎ (ಕಬ್ಬಿಣವನ್ನು ಬೇರಿಗೆ ದಕ್ಕೋ ಹಾಗೆ ಹಿಡಿದಿಡೋ ರಾಸಾಯನಿಕ) ರೂಪದ್ದು ಕೇಳಿ. ಸಾಮಾನ್ಯವಾಗಿ ಸಿಗೋ ಇಡಿಟಿಎ ರೂಪದ್ದು ಸುಣ್ಣದ ಮಣ್ಣಿನಲ್ಲಿ ನಿಲ್ಲೋದಿಲ್ಲ.

ಮೂರನೆಯದು ಮೇ ತಿಂಗಳ ಕಲೆ. ಅದು ಬಿಸಿಲು. ಉತ್ತರದ ಜಾಗ ಅಂದರೆ ವರ್ಷವಿಡೀ ನೆರಳು ಅಂತ ತುಂಬಾ ಜನ ತಿಳಿದಿದ್ದಾರೆ, ನಮ್ಮ ಊರಿಗೆ ಅದು ನಿಜ ಅಲ್ಲ. ಬೆಂಗಳೂರು ಇರೋದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರ್ತಾನೆ, ಆಗ ನಿಮ್ಮ ಓಣಿಗೆ ನೇರ ಬಿಸಿಲು ಬೀಳುತ್ತೆ. ಡಿಸೆಂಬರಿನಲ್ಲಿ ಪೂರ್ತಿ ಉಲ್ಟಾ. 20 ಅಡಿ ಎತ್ತರದ ಮನೆಯ ನೆರಳು ಮಟಮಟ ಮಧ್ಯಾಹ್ನ ಕೂಡ ಹತ್ತಿರ ಹತ್ತಿರ 15 ಅಡಿ ಚಾಚುತ್ತೆ, ನಿಮ್ಮ 5 ಅಡಿ ಪೂರ್ತಿ ಮುಳುಗಿಹೋಗುತ್ತೆ. ದಾಸವಾಳ ಮೊಗ್ಗು ಬಿಡದಿದ್ದಕ್ಕೂ, ಕ್ರೋಟನ್ ಬಣ್ಣ ಬಿಟ್ಟಿದ್ದಕ್ಕೂ ಈ ನೆರಳೇ ಕಾರಣ. ಅವುಗಳ ತಪ್ಪೂ ಇಲ್ಲ, ನಿಮ್ಮದೂ ಇಲ್ಲ. ಮೇ ತಿಂಗಳಿಗೆ ಮಾತ್ರ ಒಂದು ಹಸಿರು ನೆಟ್ ಕಟ್ಟಿ. ಮಳೆ ಮೋಡ ಬಂದ ಮೇಲೆ ಬಿಚ್ಚಿ.

ಅಡಿಕೆಸಾಲು:
ಮಣ್ಣುಕೈ ಅವರು ಗಿಡ ಉಳಿಸೋ ದಾರಿ ಹೇಳಿದರು. ನರ್ಸರಿ ಥರ ಕಾಣುತ್ತೆ ಅಂದಿರಲ್ಲ, ಅದಕ್ಕೆ ನಾನು ಹೇಳ್ತೇನೆ.

ಅಕ್ಕಾ, ನಾನು ತೀರ್ಥಹಳ್ಳಿ ಕಡೆಯವ. ನಮ್ಮ ಅಡಿಕೆ ತೋಟಕ್ಕೆ ಹೋಗಿ ನಿಂತರೆ ಹೂವು ಅನ್ನೋದು ಕಣ್ಣಿಗೇ ಬೀಳೋದಿಲ್ಲ, ಆದರೂ ಅಲ್ಲಿಂದ ಎದ್ದು ಬರೋಕೆ ಮನಸ್ಸಾಗೋದಿಲ್ಲ. ಯಾಕೆ ಅಂತ ನೋಡಿ. ನೆಟ್ಟಗೆ ಹೋದ ಅಡಿಕೆ ಮರದ ಗೆರೆ. ಅದನ್ನು ಅಪ್ಪಿಕೊಂಡ ಕಾಳುಮೆಣಸಿನ ಬಳ್ಳಿ, ಹೊಳೆಯುವ ಎಲೆ. ನಡುವೆ ಹಾಸಿದ ಹಾಗೆ ಬಾಳೆ ಎಲೆ. ಕೆಳಗೆ ಏಲಕ್ಕಿಯ ಉದ್ದನೆಯ ಕಡುಹಸಿರು, ಬದುವಿನಲ್ಲಿ ಜರಿ. ಜಾತಿ ನಾಲ್ಕೈದೇ, ಆದರೆ ಅದೇ ಮತ್ತೆ ಮತ್ತೆ ಬರುತ್ತೆ. ನಿಮ್ಮಲ್ಲಿ ಹದಿನಾಲ್ಕು ಜಾತಿ, ಒಂದೊಂದು ಗಿಡ. ಕಣ್ಣು ಎಲ್ಲೂ ನಿಲ್ಲೋದಿಲ್ಲ.

ಹೂವಿನ ತೋಟದಲ್ಲಿ ಬಣ್ಣ ಮಾಡೋ ಕೆಲಸವನ್ನು ಎಲೆತೋಟದಲ್ಲಿ ಎಲೆಯ ಅಳತೆ ಮಾಡಬೇಕು. ಕೆಸುವಿನ ಪಕ್ಕ ಮಾನ್‌ಸ್ಟೆರಾ ಇಟ್ಟರೆ ಎರಡೂ ದೊಡ್ಡವು, ಒಂದನ್ನೊಂದು ನುಂಗ್ತವೆ. ಕೆಸುವಿನ ಬುಡಕ್ಕೆ ಜರಿ ಇಟ್ಟು ನೋಡಿ, ಕೆಸು ಇನ್ನೂ ದೊಡ್ಡದಾಗಿ ಕಾಣುತ್ತೆ, ಜರಿ ಇನ್ನೂ ನಯವಾಗಿ ಕಾಣುತ್ತೆ. ಹೊಳೆಯುವ ಎಲೆ, ಮಂಕು ಎಲೆ ಕೂಡ ಹೀಗೇ ಜೋಡಿ ಮಾಡಿ.

ನಿಮ್ಮ 22 ಅಡಿಗೆ ನಾನಾಗಿದ್ದರೆ ಕಿಟಕಿಯಿಂದ ಶುರು ಮಾಡ್ತಿದ್ದೆ. ಕಿಟಕಿಗೆ ನೇರ ಎದುರು ಕೆಸು ಒಂದು ಗುಂಪು, ಮೂರು ಗಿಡ. ಓಣಿಯ ಎರಡೂ ತುದಿಯಲ್ಲಿ ರಾಫಿಸ್ ಪಾಮ್, ಅದು ಐದಡಿಗೆ ಹೋದರೂ ಅಗಲ ಕಡಿಮೆ. ನಡುವೆ ಏಲಕ್ಕಿ ಎರಡು ಬುಡ. ಬೆಂಗಳೂರಿನಲ್ಲಿ ಕಾಯಿ ನಿರೀಕ್ಷಿಸಬೇಡಿ, ಎಲೆ ಸಾಕು. ಮುಂದೆ ಉದ್ದಕ್ಕೂ ಒಂದೇ ಜಾತಿಯ ಜರಿ. ತೀರಾ ಕತ್ತಲೆ ಮೂಲೆಯಲ್ಲಿ ಕಡುಹಸಿರು ಹಾಕಿದರೆ ಕಾಣೋದೇ ಇಲ್ಲ, ಅಲ್ಲಿಗೆ ಎಳೆ ನಿಂಬೆ ಬಣ್ಣದ ಮನಿ ಪ್ಲಾಂಟ್ ಬಿಡಿ, ದೀಪ ಇಟ್ಟ ಹಾಗಿರುತ್ತೆ. ಕಾಂಪೌಂಡಿಗೆ ಬಿಳಿ ಬಣ್ಣ ಹೊಡೆಸಿ, ಬೆಳಕೂ ಹೆಚ್ಚು, ಎಲೆಯ ಆಕಾರವೂ ಸ್ಪಷ್ಟ.

ಅರಿಶಿನ ಹಾಕೋ ಆಸೆ ಇದ್ದರೆ ಹಾಕಿ, ಎಲೆ ಚಂದ, ಕಡುಬಿಗೂ ಆಗುತ್ತೆ. ಆದರೆ ಜನವರಿ ಹೊತ್ತಿಗೆ ಪೂರ್ತಿ ಒಣಗಿ ಮಲಗುತ್ತೆ. ಕಿಟಕಿ ಎದುರು ಬೇಡ.

ಹಿತ್ತಲಬಾಗಿಲು:
ಅಡಿಕೆ ತೋಟದ ಮಾತು ಓದಿ ಅಜ್ಜನ ಮನೆ ನೆನಪಾಯ್ತು. ಅದು ನನಗೆ ಹೊಳೆದೇ ಇರಲಿಲ್ಲ. ಎರಡು ಅನುಮಾನ. ಮಗಳಿಗೆ ಎರಡು ವರ್ಷ, ಕೆಸು ಇಡಬಹುದಾ? ಮತ್ತೆ ಅಮ್ಮ ಪೂಜೆಗೆ ಹೂವಿಲ್ಲ ಅಂತ ಬೇಜಾರು ಮಾಡ್ಕೊಂಡಿದ್ದಾರೆ.

ಅಡಿಕೆಸಾಲು:
ಮಗು ಇದೆ ಅಂದರೆ ಕೆಸು ಈಗ ಬೇಡ. ಕೆಸು, ಡೈಫನ್‌ಬೇಕಿಯಾ, ಮಾನ್‌ಸ್ಟೆರಾ, ಸಿಂಗೋನಿಯಂ, ಮನಿ ಪ್ಲಾಂಟ್ ಎಲ್ಲಾ ಒಂದೇ ಕುಟುಂಬ. ಎಲೆಯಲ್ಲಿ ಸೂಜಿಯಂಥ ಆಕ್ಸಲೇಟ್ ಹರಳು ಇರ್ತವೆ, ಅಗಿದರೆ ಬಾಯಿ ಉರಿದು ಊದಿಕೊಳ್ಳುತ್ತೆ. ಕೆಸುವಿನ ಜಾಗಕ್ಕೆ ಬರ್ಡ್ಸ್ ನೆಸ್ಟ್ ಫರ್ನ್ ಇಡಿ, ಅಷ್ಟೇ ಗಂಭೀರವಾಗಿ ಕಾಣುತ್ತೆ. ಮನಿ ಪ್ಲಾಂಟ್ ಕೈಗೆ ಎಟುಕದ ಎತ್ತರದಲ್ಲಿ ತೂಗುಹಾಕಿ.

ಅಮ್ಮನಿಗೆ ದಾಸವಾಳ, ತುಳಸಿ ತಾರಸಿ ಮೇಲೆ ಕುಂಡದಲ್ಲಿ ಇಡಿ, ಅವು ಬಿಸಿಲಿನವು. ಎಲೆಯೂ ದೇವರಿಗೆ ಪರಕೀಯ ಅಲ್ಲವಲ್ಲ. ಶಿವನಿಗೆ ಬಿಲ್ವ, ರಥಸಪ್ತಮಿಗೆ ಎಕ್ಕದೆಲೆ, ಗಣಪತಿಗೆ ಗರಿಕೆ, ಚೌತಿಗೆ 21 ಪತ್ರೆ.

ಹಿತ್ತಲಬಾಗಿಲು:
ಐದು ತಿಂಗಳ ನಂತರ ಬರೀತಿದ್ದೀನಿ. ನಲ್ಲಿ ಬದಲಾಯಿಸಿದ್ವಿ. ಮಣ್ಣು ತೆಗೆಸಿದಾಗ ಹನ್ನೊಂದು ಚೀಲ ಗಾರೆ, ಇಟ್ಟಿಗೆ ಬಂತು. ಜಾತಿ ಐದಕ್ಕೆ ಇಳಿಸಿದೆ, ಉಳಿದವನ್ನು ಅಕ್ಕಪಕ್ಕದವರಿಗೆ ಕೊಟ್ಟೆ. ಕ್ಯಾಲಥಿಯಾದ ಹಳೆ ಎಲೆ ಹಾಗೇ ಇದೆ, ಆದರೆ ಆಮೇಲೆ ಬಂದ ನಾಲ್ಕು ಎಲೆಯ ಅಂಚು ಶುದ್ಧವಾಗಿದೆ. ಕೇಪಳ ತಾರಸಿಗೆ ಹೋಯ್ತು, ಚಿಗುರು ಹಸಿರಾಗಿದೆ. ಬರ್ಡ್ಸ್ ನೆಸ್ಟ್ ಫರ್ನಿನ ನಡುವೆ ಮಾತ್ರ ಒಣ ಎಲೆ ಬಿದ್ದು ತುಂಬಿಕೊಳ್ತಿದೆ. ತೆಗೀಬೇಕಾ?

ಮಣ್ಣುಕೈ:
ಬಿಡಿ ಮೇಡಂ. ಕಾಡಿನಲ್ಲಿ ಮರದ ಮೇಲೆ ಕೂತು ಅದು ಹಾಗೆ ಬಿದ್ದ ಎಲೆಯನ್ನೇ ಹಿಡಿದು, ಅದು ಕೊಳೆತು ಬಂದ ಗೊಬ್ಬರದಲ್ಲಿ ಬದುಕೋದು. ಸುರುಳಿ ಬಿಚ್ಚುತ್ತಿರೋ ಎಳೆ ಎಲೆಗೆ ಅಡ್ಡ ಬಂದರೆ ಮಾತ್ರ ಕೈಯಿಂದ ಮೆಲ್ಲಗೆ ಸರಿಸಿ.