ಹಲಸಿನ ಹಪ್ಪಳಕ್ಕೊಂದು ಇನ್‌ಸ್ಟಾಗ್ರಾಮ್ ಪೇಜ್: ಶುರು ಮಾಡುದು ಎಲ್ಲಿಂದ?

ಕಾಪು_ಕಡಲ ಬದಿ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಅಮ್ಮ, ಚಿಕ್ಕಮ್ಮ ಸೇರಿ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಮಾಡ್ತಾರೆ. ಗಿರಾಕಿಗಳು ಹೆಚ್ಚಿನವರು ಬೆಂಗಳೂರು, ಮುಂಬೈಯಲ್ಲಿರುವ ನಮ್ಮೂರಿನವರೇ. ಫೇಸ್‌ಬುಕ್, ವಾಟ್ಸಾಪ್ ಗೊತ್ತುಂಟು, ಇನ್‌ಸ್ಟಾಗ್ರಾಮ್ ಮಾತ್ರ ಈವರೆಗೆ ತೆರೆದೇ ಇಲ್ಲ. ನನ್ನ ಹೆಸರಲ್ಲೇ ಖಾತೆ ಮಾಡುದಾ, ಬೇರೆಯಾ? ಬಿಸಿನೆಸ್ ಖಾತೆಗೆ ದುಡ್ಡು ಕೊಡ್ಬೇಕಾ? ವಿಡಿಯೊ ಎಷ್ಟು ಉದ್ದ ಇರ್ಬೇಕು? ಕನ್ನಡದಲ್ಲಿ ಬರೆದ್ರೆ ಜನರಿಗೆ ಸಿಗ್ತದಾ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಬಂದರು ರಸ್ತೆ:
ಬೇರೆ ಖಾತೆಯೇ ಮಾಡಿ. ನಾಳೆ ಚಿಕ್ಕಮ್ಮನೂ ಅದೇ ಪೇಜ್ ನೋಡಿಕೊಳ್ಳುದಾದ್ರೆ ನಿಮ್ಮ ಸ್ವಂತ ಮೆಸೇಜು, ಫೋಟೊ ಎಲ್ಲ ಅದರೊಳಗೆ ಇರಬಾರದು. ಬಿಸಿನೆಸ್ ಖಾತೆಗೆ ಒಂದು ಪೈಸೆ ಇಲ್ಲ. ದುಡ್ಡು ಹೋಗುದು ಜಾಹೀರಾತು ಕೊಟ್ರೆ ಮಾತ್ರ, ಅದು ಈಗ ಬೇಡ.

ಯೂಸರ್‌ನೇಮ್‌ನಲ್ಲಿ ಅವಸರ ಮಾಡ್ಬೇಡಿ. 30 ಅಕ್ಷರದೊಳಗೆ ಇರ್ಬೇಕು. ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ, ಕೆಳಗೆರೆ ಇಷ್ಟೇ ನಡೆಯುದು, ಕನ್ನಡ ಲಿಪಿ ತೆಗೆದುಕೊಳ್ಳುದಿಲ್ಲ. ನಮ್ಮ ಪದಗಳ ಕಷ್ಟ ಇರುದು ಇಲ್ಲೇ. 'ಹಪ್ಪಳ' ಅಂತ ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ಒಂದು 'ಪಿ' ಹಾಕ್ತಾರೆ, ಇನ್ನೊಬ್ಬರು ಎರಡು. ಕೊನೆಗೆ 'ಎ' ಒಂದಾ ಎರಡಾ ಅಂತ ಇನ್ನೊಂದು ಗೊಂದಲ. ಹೆಸರು ಗಟ್ಟಿ ಮಾಡುವ ಮೊದಲು ಮುಂಬೈಯ ಸಂಬಂಧಿಕರೊಬ್ಬರಿಗೆ ಫೋನಿನಲ್ಲಿ ಬಾಯಿಮಾತಲ್ಲಿ ಹೇಳಿ, ಅವರು ಟೈಪ್ ಮಾಡಿದ್ದು ಒಂದೇ ಸಲಕ್ಕೆ ಸರಿ ಬಂತಾ ನೋಡಿ. ಬರದಿದ್ರೆ ಹೆಸರು ಬದಲಿಸಿ. ಎರಡೆರಡು ಕೆಳಗೆರೆ, ಹುಟ್ಟಿದ ಇಸವಿ ಇದೆಲ್ಲ ಬೇಡವೇ ಬೇಡ.

ಯೂಸರ್‌ನೇಮ್ ಬೇರೆ, ಅದರ ಕೆಳಗೆ ಬರುವ 'ನೇಮ್' ಬೇರೆ. ನೇಮ್‌ನಲ್ಲಿ ಕನ್ನಡ ಹಾಕಬಹುದು, ಹುಡುಕುವಾಗ ಅದೂ ಲೆಕ್ಕಕ್ಕೆ ಬರ್ತದೆ. ಹಾಗಾಗಿ ಅಲ್ಲಿ 'ಹಲಸಿನ ಹಪ್ಪಳ ಉಡುಪಿ' ಅಂತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ. ಇದನ್ನು 14 ದಿನದಲ್ಲಿ ಎರಡೇ ಸಲ ಬದಲಿಸ್ಲಿಕ್ಕೆ ಆಗುದು, ನೋಡಿಕೊಂಡು ಹಾಕಿ. ಬಯೊ ಅಂದ್ರೆ ಪೇಜಿನ ಪರಿಚಯದ ಸಾಲು, ಅದಕ್ಕೆ 150 ಅಕ್ಷರ: ಎಂತ ಮಾರ್ತೀರಿ, ಯಾವ ಊರು, ಎಲ್ಲಿಗೆ ಕಳಿಸ್ತೀರಿ, ಆರ್ಡರ್ ಹೇಗೆ. ಅಷ್ಟೇ. 'ಪ್ರೀತಿಯಿಂದ ತಯಾರಿಸಿದ' ಅಂತ ಬರೆದು ಜಾಗ ಹಾಳು ಮಾಡ್ಬೇಡಿ, ಎಲ್ಲರೂ ಅದನ್ನೇ ಬರೆಯುದು.

ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಪ್ರೊಫೆಷನಲ್ ಖಾತೆಗೆ ಬದಲಿಸಿ, ಬಿಸಿನೆಸ್ ಆರಿಸಿ. ವಿಳಾಸ ಕೇಳಿದಾಗ ಮನೆಯ ವಿಳಾಸ ಕೊಡ್ಬೇಡಿ, ಆ ಖಾನೆ ಖಾಲಿ ಬಿಟ್ರೂ ಆಗ್ತದೆ. ಮತ್ತೊಂದು, ಪ್ರೊಫೆಷನಲ್ ಖಾತೆಯನ್ನು ಪ್ರೈವೇಟ್ ಮಾಡ್ಲಿಕ್ಕೆ ಬರುದಿಲ್ಲ. ಹಾಕಿದ್ದು ಊರಿಗೆಲ್ಲ ಕಾಣ್ತದೆ.

ಮಣಿಪಾಲ ಮೂರನೇ ಮಹಡಿ:
ಬಿಸಿನೆಸ್ ಖಾತೆ ಬಗ್ಗೆ ಸ್ವಲ್ಪ ತಕರಾರು. ಬಿಸಿನೆಸ್ ಆರಿಸಿದ್ರೆ ಸಿನಿಮಾ ಹಾಡುಗಳಲ್ಲಿ ಹೆಚ್ಚಿನವು ಪಟ್ಟಿಯಲ್ಲೇ ಕಾಣುದಿಲ್ಲ, ವ್ಯಾಪಾರಕ್ಕೆ ಅನುಮತಿ ಇರುವ ಸಂಗೀತ ಮಾತ್ರ ಸಿಗುದು. ಹೊಸಬರು 'ನನ್ನ ಫೋನಲ್ಲಿ ಹಾಡೇ ಇಲ್ಲ' ಅಂತ ಆ್ಯಪ್ ಅಳಿಸಿ ಮತ್ತೆ ಹಾಕುದು ಇದಕ್ಕೇ. ಪ್ರೊಫೆಷನಲ್ ಖಾತೆಯ ಇನ್ನೊಂದು ಬಗೆಯಾದ ಕ್ರಿಯೇಟರ್ ಖಾತೆಯಲ್ಲಿ ಹಾಡು ಜಾಸ್ತಿ, ಆದರೆ ಸರಕು ಮಾರುವ ವಿಡಿಯೊಗೆ ಆ ಹಾಡು ಹಾಕಿದ್ರೆ ಹಕ್ಕಿನ ತಕರಾರು ಬಂದು ಸದ್ದು ಮ್ಯೂಟ್ ಆಗಬಹುದು. ನನ್ನ ಕೇಳಿದ್ರೆ ನಿಮಗೆ ಹಾಡೇ ಬೇಡ. ಕಾದ ಎಣ್ಣೆಗೆ ಹಪ್ಪಳ ಬಿಟ್ಟಾಗ ಬರುವ ಸದ್ದಿನ ಎದುರು ಯಾವ ಹಾಡು ಮಾರಾಯ್ರೆ!

ರೀಲ್ ಅಂದ್ರೆ ಇನ್‌ಸ್ಟಾಗ್ರಾಮಿನ ಸಣ್ಣ ವಿಡಿಯೊ. ಮೂರು ನಿಮಿಷದಷ್ಟು ಉದ್ದದ್ದೂ ಹಾಕಬಹುದು, ನೀವು 20 ಸೆಕೆಂಡಿನ ಸುತ್ತಮುತ್ತ ನಿಲ್ಲಿಸಿ. ಫೋನ್ ನೆಟ್ಟಗೆ ಹಿಡಿಯಿರಿ. 1080 x 1920 ಅಳತೆ, ಅಂದ್ರೆ 9:16. ಮೂರು ಸೆಕೆಂಡಿನ ಆರು ತುಂಡು ಸಾಕು. ಮಾಡುವ ಕ್ರಮದಲ್ಲೇ ಜೋಡಿಸ್ಬೇಡಿ. ಎಣ್ಣೆಯಲ್ಲಿ ಹಪ್ಪಳ ಅರಳುದು ಮೊದಲು ಬರ್ಲಿ, ಆಮೇಲೆ ಸೊಳೆ (ಹಲಸಿನ ತೊಳೆ) ಬಿಡಿಸುದು, ಬೇಯಿಸಿದ್ದನ್ನು ರುಬ್ಬುದು, ಉಂಡೆ ಒತ್ತುದು, ಚಾಪೆಯ ಮೇಲೆ ಒಣಗುದು, ಕೊನೆಗೆ ಕಟ್ಟು ಮತ್ತು ರೇಟು. ಮೊದಲ ಎರಡು ಸೆಕೆಂಡಿನಲ್ಲಿ ಹೆಬ್ಬೆರಳು ನಿಲ್ಲದಿದ್ರೆ ಉಳಿದದ್ದನ್ನು ಯಾರೂ ನೋಡುದಿಲ್ಲ. 'ಹಾಯ್ ಫ್ರೆಂಡ್ಸ್' ಅಂತ ಶುರು ಮಾಡಿದ ರೀಲ್ ಅಲ್ಲೇ ಸಾಯ್ತದೆ.

ಬಾಣಲೆಯ ನೇರ ಮೇಲೆ ಫೋನ್ ಹಿಡಿದ್ರೆ ಹಬೆಗೆ ಲೆನ್ಸ್ ಮಂಜಾಗ್ತದೆ, ಎಣ್ಣೆಯೂ ಸಿಡೀತದೆ. ಒಂದು ಮೊಳ ದೂರದಲ್ಲಿ, ಬದಿಯಿಂದ ಓರೆಯಾಗಿ ಹಿಡಿಯಿರಿ, ಕಿಟಕಿ ಫೋನಿನ ಹಿಂದೆ ಅಲ್ಲ, ಪಕ್ಕದಲ್ಲಿ ಇರ್ಲಿ. ಟ್ಯೂಬ್‌ಲೈಟ್ ಆರಿಸಿ, ಇಲ್ಲದಿದ್ರೆ ಹಪ್ಪಳದ ಹಳದಿ ಬಣ್ಣ ಹಸಿರಿಗೆ ತಿರುಗಿದ ಹಾಗೆ ಕಾಣ್ತದೆ. ಶುರು ಮಾಡುವ ಮೊದಲು ಹತ್ತಿಬಟ್ಟೆಯಲ್ಲಿ ಲೆನ್ಸ್ ಒರೆಸಿ. ವಿಡಿಯೊ ಮಸುಕು ಅಂತ ದೂರುವ ಅರ್ಧಕ್ಕರ್ಧ ಜನರ ಲೆನ್ಸಿನ ಮೇಲೆ ಇರುದು ಅವರದ್ದೇ ಬೆರಳಿನ ಎಣ್ಣೆ.

ಪರದೆಯ ಕೆಳಗಿನ ಭಾಗದಲ್ಲಿ ಕ್ಯಾಪ್ಷನ್ (ವಿಡಿಯೊ ಜೊತೆ ನೀವು ಬರೆಯುವ ಸಾಲು), ಬಲಬದಿಯಲ್ಲಿ ಲೈಕ್ ಗುಂಡಿಗಳು ಕೂತಿರ್ತವೆ. ರೇಟನ್ನು ಅಲ್ಲಿ ಬರೆದ್ರೆ ಮುಚ್ಚಿಹೋಗ್ತದೆ, ನಡುವಿಗೆ ತನ್ನಿ. ಮಳೆ ಹಿಡಿದ ಮೇಲೆ ಒಣಗಿಸುವ ದೃಶ್ಯ ಎಲ್ಲಿಂದ ತರ್ತೀರಿ? ಏಪ್ರಿಲ್, ಮೇಯಲ್ಲಿ ಬಿಸಿಲಿರುವಾಗಲೇ ನಾಲ್ಕೈದು ದಿನದ ತುಂಡುಗಳನ್ನು ತೆಗೆದಿಟ್ರೆ ಅಷ್ಟಮಿ, ಚೌತಿವರೆಗೆ ಅದರಲ್ಲೇ ಸುಧಾರಿಸಬಹುದು.

ಹ್ಯಾಷ್‌ಟ್ಯಾಗ್ ಮೂರೋ ನಾಲ್ಕೋ ಸಾಕು. ಲೊಕೇಶನ್ 'ಉಡುಪಿ' ಅಂತ ಹಾಕುದು ಮರೀಬೇಡಿ.

ರಥಬೀದಿ ಲೆಕ್ಕದವ:
ಮಾರುವ ಮಾತು ಯಾರೂ ಆಡ್ಲಿಲ್ಲ. ರೀಲ್ ಓಡಿತು, ಮುನ್ನೂರು ಮೆಸೇಜ್ ಬಂತು, ಆಮೇಲೆ? ಇನ್‌ಸ್ಟಾಗ್ರಾಮ್ ಮೆಸೇಜಿನಲ್ಲೇ ಆರ್ಡರ್ ತೆಗೆದುಕೊಂಡ್ರೆ ವಿಳಾಸ ಒಂದು ಕಡೆ, ಪಾವತಿ ಇನ್ನೊಂದು ಕಡೆ ಆಗಿ ಯಾರಿಗೆ ಕಳಿಸಿದ್ದು, ಯಾರಿಗೆ ಇಲ್ಲ ಅಂತ ಗೊತ್ತಾಗುದಿಲ್ಲ. ನೀವು ಫಾಲೊ ಮಾಡದವರ ಮೆಸೇಜು 'ರಿಕ್ವೆಸ್ಟ್ಸ್' ಅಂತ ಬೇರೆ ಕಡೆ ಹೋಗಿ ಕೂತಿರ್ತದೆ. ಅದನ್ನು ದಿನಕ್ಕೊಮ್ಮೆಯಾದ್ರೂ ತೆರೆಯದಿದ್ರೆ ಹೊಸ ಗಿರಾಕಿ ತಪ್ಪಿದ ಹಾಗೆ.

ಹೊಸ ಸಿಮ್ ಒಂದು ತೆಗೆದುಕೊಂಡು ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿ. ಒಂದೇ ನಂಬರಿನಲ್ಲಿ ಮಾಮೂಲಿ ವಾಟ್ಸಾಪೂ ಬಿಸಿನೆಸ್ ವಾಟ್ಸಾಪೂ ಒಟ್ಟಿಗೆ ನಡೆಯುದಿಲ್ಲ. ಕ್ಯಾಟಲಾಗ್‌ನಲ್ಲಿ ಹಪ್ಪಳ, ಉಪ್ಪಿನಕಾಯಿ ತೂಕ ಸಮೇತ ಹಾಕಿ. ಲೇಬಲ್ ಮೂರು ಮಾಡಿ: ಆರ್ಡರ್ ಬಂತು, ದುಡ್ಡು ಬಂತು, ಕಳಿಸಿ ಆಯ್ತು. ಆ ನಂಬರಿನ ಲಿಂಕನ್ನು ಇನ್‌ಸ್ಟಾಗ್ರಾಮ್ ಬಯೊದಲ್ಲಿ ಕೊಡಿ. ಲಿಂಕಿನಲ್ಲಿ ನಂಬರಿನ ಮೊದಲು 91 ಇರ್ಬೇಕು, ಪ್ಲಸ್ ಗುರುತಾಗಲಿ ಸೊನ್ನೆಯಾಗಲಿ ಇರಬಾರದು. ಲಿಂಕ್ ಕೆಲಸ ಮಾಡುದಿಲ್ಲ ಅನ್ನುವವರು ಮೊದಲು ಅದನ್ನೇ ನೋಡ್ಬೇಕು.

ರೇಟ್ ಕೇಳಿದವರಿಗೆ 'ಡಿಎಂ ಮಾಡಿ', ಅಂದ್ರೆ ಖಾಸಗಿ ಮೆಸೇಜ್ ಕಳಿಸಿ ಅನ್ನುವ ಚಾಳಿ ಬೇಡ. ಕ್ಯಾಪ್ಷನಿನ ಮೊದಲ ಸಾಲಿನಲ್ಲೇ ಬರೆಯಿರಿ: ಇಷ್ಟು ಹಪ್ಪಳದ ಕಟ್ಟು, ಇಷ್ಟು ರೂಪಾಯಿ, ಅಂಚೆ ಖರ್ಚು ಬೇರೆ. ಒಂದೆರಡು ಸಾಲು ದಾಟಿದ್ದು ಮಡಚಿಕೊಳ್ತದೆ, ಕೆಳಗೆ ಬರೆದದ್ದನ್ನು ಯಾರೂ ಬಿಚ್ಚಿ ಓದುದಿಲ್ಲ. ತಿನ್ನುವ ಸಾಮಾನಾದ್ದರಿಂದ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ನೋಂದಣಿ ಮಾಡಿಸಿ, ಆ 14 ಅಂಕಿಯ ನಂಬರ್ ಲೇಬಲ್ ಮೇಲೆ ಇರ್ಲಿ. ಪೇಜಿನಲ್ಲಿ ಹೈಲೈಟ್ ಮಾಡಿ ಇಟ್ರೆ ಇನ್ನೂ ಒಳ್ಳೇದು. ಸ್ಟೋರಿ 24 ಗಂಟೆಗೆ ಹೋಗ್ತದೆ, ಹೈಲೈಟ್ ಉಳೀತದೆ.

ಬೈಂದೂರು ಎಕ್ಸ್‌ಪ್ರೆಸ್:
ಫಾಲೋವರ್ಸ್ ಖರೀದಿ ಮಾಡ್ಬೇಡಿ. ಅವರು ಹಪ್ಪಳ ತಿನ್ನುದಿಲ್ಲ.

ಮೊದಲ ದಿನವೇ ಟೂ ಫ್ಯಾಕ್ಟರ್ ಹಾಕಿ, ಅಂದ್ರೆ ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಕೋಡ್ ಕೇಳುವ ಬೀಗ. ಅದು ಕೊಡುವ ಬ್ಯಾಕಪ್ ಕೋಡುಗಳನ್ನು ಸ್ಕ್ರೀನ್‌ಶಾಟ್ ತೆಗೆದು ಅದೇ ಫೋನಲ್ಲಿ ಇಟ್ರೆ ಪ್ರಯೋಜನ ಇಲ್ಲ, ಫೋನ್ ಹೋದ್ರೆ ಕೋಡೂ ಹೋಯ್ತು. ಕಾಗದದಲ್ಲಿ ಬರೆದು ರೇಷನ್ ಕಾರ್ಡಿನ ಒಟ್ಟಿಗೆ ಇಡಿ. 'ನಿಮ್ಮ ಪೇಜ್ ಕಾಪಿರೈಟ್ ಉಲ್ಲಂಘಿಸಿದೆ, 24 ಗಂಟೆಯೊಳಗೆ ಈ ಲಿಂಕ್ ಒತ್ತಿ' ಅಂತ ಮೆಸೇಜ್ ಬಂದೇ ಬರ್ತದೆ. ಅದು ಪಾಸ್‌ವರ್ಡ್ ಕದಿಯುವ ದಾರಿ. ಇನ್‌ಸ್ಟಾಗ್ರಾಮ್‌ನವರು ನಿಜಕ್ಕೂ ಕಳಿಸಿದ ಇಮೇಲುಗಳು ಸೆಟ್ಟಿಂಗ್ಸ್ ಒಳಗೇ ಕಾಣ್ತವೆ, ಅಲ್ಲಿ ಇಲ್ಲದ್ದು ಸುಳ್ಳು.

ಇನ್ನೊಂದು ಮಾಮೂಲಿ ಮೋಸ: ದೊಡ್ಡ ಆರ್ಡರ್, ಮಿಲಿಟರಿ ಕ್ಯಾಂಟೀನಿಗೆ ಅಂತ ಹೇಳ್ತಾರೆ, 'ದುಡ್ಡು ಹಾಕ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ' ಅಂತಾರೆ. ದುಡ್ಡು ಬರ್ಲಿಕ್ಕೆ ಯುಪಿಐ ಪಿನ್ ಬೇಡ. ಪಿನ್ ಒತ್ತಿದ್ರಿ ಅಂದ್ರೆ ನಿಮ್ಮದೇ ಹೋಗ್ತದೆ. ಪಾವತಿಯ ಸ್ಕ್ರೀನ್‌ಶಾಟ್ ನೋಡಿ ಪಾರ್ಸೆಲ್ ಕಟ್ಟಬೇಡಿ, ಬ್ಯಾಂಕ್ ಖಾತೆ ತೆರೆದು ನೋಡಿ. ದುಡ್ಡು ಹೋದ್ರೆ ಕೂಡ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುದು. ಎಷ್ಟು ಬೇಗ ಮಾಡ್ತೀರೋ, ಆ ದುಡ್ಡನ್ನು ನಡುದಾರಿಯಲ್ಲಿ ತಡೆಯುವ ಸಾಧ್ಯತೆ ಅಷ್ಟು ಜಾಸ್ತಿ.

ಕಾಪು_ಕಡಲ ಬದಿ:
ಎಲ್ಲರಿಗೂ ತುಂಬ ಉಪಕಾರ ಆಯ್ತು. ಹೆಸರು ಫೋನಿನಲ್ಲಿ ಹೇಳಿ ನೋಡಿದೆ, ಎರಡನೇದ್ದು ಪಾಸಾಯ್ತು. ಈಗ ಒಂದು ತೊಂದರೆ: ಕ್ಯಾಪ್ಷನ್ ಕಂಪ್ಯೂಟರಿನ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಅಂಟಿಸಿದ್ರೆ ಕನ್ನಡ ಬರುದಿಲ್ಲ, ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಿಚಡಿ ಬರ್ತದೆ. ಎಂತ ಮಾಡುದು?

ಮಣಿಪಾಲ ಮೂರನೇ ಮಹಡಿ:
ಹಳೆ ನುಡಿ ಫಾಂಟ್ ನಿಜವಾಗಿ ಕನ್ನಡ ಉಳಿಸುದಿಲ್ಲ, ಇಂಗ್ಲಿಷ್ ಅಕ್ಷರಗಳಿಗೇ ಕನ್ನಡದ ವೇಷ ಹಾಕಿಸ್ತದೆ. ಫಾಂಟ್ ಇಲ್ಲದ ಕಡೆ ವೇಷ ಕಳಚಿ ಕೆಳಗಿನ ಇಂಗ್ಲಿಷ್ ಕಾಣ್ತದೆ. ನುಡಿಯ ಒಟ್ಟಿಗೇ ಕನ್ವರ್ಟರ್ ಬರ್ತದೆ, ಬರೆದದ್ದನ್ನು ಅದರಲ್ಲಿ ಯುನಿಕೋಡ್‌ಗೆ (ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಅಕ್ಷರಕ್ಕೆ) ಬದಲಿಸಿ ಆಮೇಲೆ ಅಂಟಿಸಿ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಇನ್ನೊಮ್ಮೆ ಓದಿ, ಕೆಟ್ಟುಹೋಗುದು ಅಲ್ಲೇ. ಅಷ್ಟು ರಗಳೆ ಬೇಡ ಅಂದ್ರೆ ಫೋನಿನ ಜಿಬೋರ್ಡ್‌ನಲ್ಲಿ (ಗೂಗಲ್ ಕೀಬೋರ್ಡ್) ಕನ್ನಡ ಸೇರಿಸಿ, ಮೈಕ್ ಒತ್ತಿ ಅಮ್ಮನ ಹತ್ರವೇ ಹೇಳಿಸಿ. 'ಸೊಳೆ' ಅಂದದ್ದನ್ನು ಅದು ಬೇರೆ ಏನಾದ್ರೂ ಮಾಡಿ ಬರೆದೀತು, ಅದೊಂದು ತಿದ್ದಿದ್ರೆ ಆಯ್ತು.