ಬಾಂಬರ್ ವಿಮಾನದಲ್ಲಿ ಸೂಸು ಬಂದರೆ ಏನು ಮಾಡುತ್ತಿದ್ದರು?

ಮಾರತಹಳ್ಳಿ ಅಮ್ಮ:
ಭಾನುವಾರ ಮಗಳ ಜೊತೆ ಎಚ್‌ಎಎಲ್ ಮ್ಯೂಸಿಯಂಗೆ ಹೋಗಿದ್ದೆ. ಎರಡನೇ ಮಹಾಯುದ್ಧದ ದೊಡ್ಡ ಬಾಂಬರ್‌ಗಳಲ್ಲಿ ಹತ್ತು ಜನ ಇರುತ್ತಿದ್ದರು ಅಂದೆ. ಆರನೇ ಕ್ಲಾಸಿನವಳು, ತಕ್ಷಣ ಕೇಳಿದಳು: "ಅಮ್ಮಾ, ಸೂಸು ಬಂದರೆ?" ಯಾರಿಗಾದರೂ ಗೊತ್ತಾ?

ವಿಮಾನಪುರದ ಹಳಬ:
ಮಗು ಸರಿಯಾದ್ದನ್ನೇ ಕೇಳಿದೆ ತಾಯಿ. ಯುದ್ಧ ಮುಗಿದ ಮೇಲೆ ಲಿಬರೇಟರ್ ಬಾಂಬರ್‌ಗಳು ಕಾನ್ಪುರದಲ್ಲಿ ಗುಜರಿ ಥರ ಬಿದ್ದಿದ್ದವು. 1948ರಲ್ಲಿ ಅವನ್ನು ಇಲ್ಲಿಗೆ ಹಾರಿಸಿಕೊಂಡು ಬಂದು ಎಚ್‌ಎಎಲ್‌ನಲ್ಲಿ ರಿಪೇರಿ ಮಾಡಿದರು. ನಮ್ಮಪ್ಪ ಆಗ ಅಲ್ಲಿ ರಿವೆಟ್ ಹೊಡೆಯುತ್ತಿದ್ದರು.

ಸೂಸುಗೆ ಒಂದು ಆಲಿಕೆ, ಅದಕ್ಕೊಂದು ಕೊಳವೆ, ಅಷ್ಟೇ. ಹೊರಗೆ ಗಾಳಿಗೆ ಹೋಗುತ್ತೆ. ಆದರೆ 25 ಸಾವಿರ ಅಡಿ ಮೇಲೆ ಮೈನಸ್ 30 ಡಿಗ್ರಿಗಿಂತ ಜಾಸ್ತಿ ಚಳಿ. ಕೊಳವೆಯೊಳಗೇ ಹೆಪ್ಪುಗಟ್ಟಿಬಿಡುತ್ತಿತ್ತು. ಆಮೇಲೆ ಬಂದವನ ಪಾಡು ನೀವೇ ಊಹಿಸಿ! ಆಕ್ಸಿಜನ್ ಮಾಸ್ಕಿನಲ್ಲೂ ಉಸಿರಿನ ಹಬೆ ಮಂಜುಗಡ್ಡೆಯಾಗುತ್ತಿತ್ತು. ಆಗಾಗ ಹಿಸುಕಿ ಪುಡಿ ಮಾಡಬೇಕು. ಬರಿಗೈಲಿ ಗನ್ ಮುಟ್ಟಿದರೆ ಚರ್ಮ ಅಂಟಿಕೊಂಡೇ ಬರುತ್ತಿತ್ತು.

ಅಪ್ಪ ಜಾಸ್ತಿ ಹೇಳುತ್ತಿದ್ದದ್ದು ಬಾಂಬು ತೂಗುಹಾಕುವ ಜಾಗದ ಕಥೆ. ಮುಂದಿನಿಂದ ಹಿಂದಕ್ಕೆ ಹೋಗಲು ಅಲ್ಲಿರೋದು ಒಂದು ಗೇಣಗಲದ ಪಟ್ಟಿ, 9 ಇಂಚು. ಕೆಳಗಿನ ಬಾಗಿಲು ಅಂಗಡಿ ಶಟರ್ ಥರ ಸುತ್ತಿಕೊಳ್ಳುವ ತೆಳು ತಗಡು. ಆಳು ಬಿದ್ದರೆ ತಡೆಯಲ್ಲ. ಪ್ಯಾರಾಚೂಟ್ ಹಾಕಿಕೊಂಡರೆ ಅಲ್ಲಿ ತೂರೋದೇ ಕಷ್ಟ, ಬಿಚ್ಚಿಟ್ಟು ದಾಟಬೇಕು. ಬೇಕಾಗೋದು ಅಲ್ಲೇ ಅಲ್ವಾ! ಶೆಡ್‌ನಲ್ಲಿ ನಿಂತ ವಿಮಾನದಲ್ಲೇ ಅಪ್ಪನಿಗೆ ಕಾಲು ನಡುಗುತ್ತಿತ್ತಂತೆ.

ಗೂಗಲ್ ಗೋಪಿ:
ಸರ್, ಆ ಚಳಿ ಯುರೋಪಿನ ಕಡೆ ಹಾರಿದವರ ಕಥೆ ಅಲ್ವಾ? ನಮ್ಮ ಕಡೆಯಿಂದ ಬ್ಯಾಂಕಾಕ್ ತನಕ ಹೋಗಿ ಬಾಂಬು ಹಾಕಿ ಬರುತ್ತಿದ್ದವರಿಗೆ ಹೊತ್ತಿನದೇ ಕಾಟ. 12 ಗಂಟೆಗೂ ಮೇಲೆ, ನಾಲ್ಕು ಇಂಜಿನ್ ಸದ್ದಿನಲ್ಲಿ.

ವಿಮಾನಪುರದ ಹಳಬ:
ನಿಜ ಗೋಪಿ. ಅಪ್ಪ ರಿಪೇರಿ ಮಾಡಿದವು ನಮ್ಮ ವಾಯುಪಡೆಯಲ್ಲಿ 1968ರ ತನಕ ಹಾರಿದವು. ಸಮುದ್ರದ ಮೇಲೆ ಕಣ್ಣಿಡುವ ಕೆಲಸಕ್ಕೆ. ಅಲ್ಲೂ ಗಂಟೆಗಟ್ಟಲೆ ಹಾರಾಟವೇ.

ಮಾರತಹಳ್ಳಿ ಅಮ್ಮ:
ತುಂಬಾ ಥ್ಯಾಂಕ್ಸ್. ಓದಿ ಹೇಳಿದ್ದೇ ತಪ್ಪಾಯ್ತು. ಹಾಲ್‌ನಲ್ಲಿ ಸ್ಕೇಲ್ ಇಟ್ಟು 9 ಇಂಚಿಗೆ ಸೀಮೆಸುಣ್ಣದ ಗೆರೆ ಎಳೆದಿದ್ದಾಳೆ. ಎದೆಗೆ ಸ್ಕೂಲ್ ಬ್ಯಾಗ್ ಕಟ್ಟಿಕೊಂಡು ಓಡಾಡುತ್ತಿದ್ದಾಳೆ. ನಾನು ಗೆರೆ ಆಚೆ ಕಾಲಿಟ್ಟು ಆಗಲೇ ಎರಡು ಸಲ "ಬಿದ್ದಿದ್ದೀನಿ".